ಏಳು ಮನೆಯವರು ಹೇಳದ ಆಳ

ನವೆಂಬರ್ 18, ಮಂಗಳವಾರ

ನನ್ನ ಅಕ್ಷರ ಕೋಳಿ ಕೆದರಿದ ಅಂಗಳದ ಹಾಗಿದೆ. ಎಲ್ಲಿ ಸ ಬರೆಯಬೇಕು, ಎಲ್ಲಿ ಶ ಬರೆಯಬೇಕು ಎಂಬುದು ಈಗಲೂ ಗೊತ್ತಾಗುವುದಿಲ್ಲ. ಆರನೆಯ ತರಗತಿಯ ನಡುವೆ ಶಾಲೆ ಬಿಟ್ಟ ಮೇಲೆ ನಾನು ಬರೆದದ್ದೆಂದರೆ ಗೆಸ್ಟ್ ಹೌಸಿನಲ್ಲಿ ಒಗೆಯಲು ಹಾಕುವ ಬಟ್ಟೆಗಳ ಪಟ್ಟಿ ಮಾತ್ರ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೋ ಎಂದು ಈ ವಹಿಯನ್ನೇ ಕೇಳಿಕೊಳ್ಳುತ್ತೇನೆ. ಬೇರೆ ಯಾರೂ ಓದುವವರಿಲ್ಲ. ಬಾಯಿಗೆ ಬಾರದ ಮಾತು ಕೈಗಾದರೂ ಬರುತ್ತದೆಯೇ ನೋಡಬೇಕು.

ಇವತ್ತು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಏಳೂ ಮನೆಯವರು ಕೂಡಿದ್ದರು. ನಮ್ಮೂರು ಕಡವಿನಾಳದಲ್ಲಿ ಹೊಳೆಗೆ ಹರಗೋಲು ಹಾಕುವ ಹಕ್ಕು ಇರುವುದು ಏಳು ಅಂಬಿಗರ ಮನೆಗಳಿಗೆ. ವಾರಕ್ಕೆ ಏಳು ದಿನ, ದಿನಕ್ಕೊಂದು ಮನೆಯ ಪಾಳಿ. ಅವರಲ್ಲಿ ನಮ್ಮ ಅಪ್ಪ ಗಾಳೆಪ್ಪನೇ ಹಿರಿಯ. ಹೊಳೆಗೆ ಸೇತುವೆ ಬರುತ್ತದಂತೆ. ಎರಡು ಜಾಗ ಗುರುತಾಗಿವೆ: ಒಂದು ನಾವು ಹೊಳೆ ದಾಟಿಸುವ ಕಡವು, ಇನ್ನೊಂದು ಮೂರು ಮೈಲು ಕೆಳಗಿನ ಬಸರಿಗಟ್ಟಿ. ಇಲಾಖೆಯವರು ಮುಂದಿನ ವಾರ ಬಂದು ನೀರಿನ ಆಳ ಅಳೆದು, ಯಾವ ಜಾಗ ಎಂದು ಬರೆದು ಕಳಿಸುತ್ತಾರೆ.

"ಬಸರಿಗಟ್ಟಿಗೇ ಹೋಗ್ಲಿ ಬಿಡ್ರಿ," ಎಂದ ವಿರುಪಾಕ್ಷಿ ಕಾಕಾ. ಗುರುವಾರದ ಪಾಳಿ ಅವನದು. "ಸೇತುವೆ ಬಂದ ಮರುದಿನಾ ನಮ್ಮ ಹರಗೋಲು ಕೋಳಿ ಮುಚ್ಚೂ ಬುಟ್ಟಿ ಆಕ್ಕಾವು."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಅದು ಹೆಂಗ ಹೊಕ್ಕೈತಿ? ನಮ್ಮಲ್ಲಿ ಹಾಸುಬಂಡಿ ಐತಿ. ಅದು ಅವರಿಗೆ ಸಿಕ್ರ ಇಲ್ಲೇ ಕಂಬ ಹುಗೀತಾರ."

ಹಾಸುಬಂಡೆ ಎಂದರೆ ನಮ್ಮ ದಂಡೆಯಿಂದ ಹೊಳೆಯ ಮುಕ್ಕಾಲು ಭಾಗದವರೆಗೆ ನೀರಿನ ಕೆಳಗೆ ಹಾಸಿದ ಒಂದೇ ಬಂಡೆ. ಬೇಸಿಗೆಯಲ್ಲೂ ಅದರ ಮೇಲೆ ಕಲಕು ನೀರು ನಿಂತಿರುವುದರಿಂದ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಅದರ ಕೆಳಬದಿಗೆ ಹತ್ತು ಮಾರು ಸರಿದರೆ ಮಡು, ಮೂರಾಳು ನೀರು. ಹೊಳೆಯ ಆಳವನ್ನು ಹೊರಗಿನವರಿಗೆ ಹೇಳಬಾರದು ಎಂಬುದು ಏಳು ಮನೆಗಳ ಕಟ್ಟು. ಆಳ ತಿಳಿದವನು ಹರಗೋಲು ಏಕೆ ಹತ್ತುತ್ತಾನೆ? ಯಾರಾದರೂ ಕೇಳಿದರೆ "ಗಂಗವ್ವಗ ಗೊತ್ತು" ಎನ್ನಬೇಕು. ಹೇಳಿದ ಮನೆಗೆ ಪಾಳಿ ಇಲ್ಲ.

"ಅಳಿಯಾಕ ಬಂದವರ ಹರಗೋಲು ಹಿಡಿಯೋರು ನಾವ ಅಲ್ಲೇನು?" ಎಂದ ಕಾಕಾ. "ಬಂಡಿ ತಪ್ಪಿಸಿ ಮಡುವಿನ ಮ್ಯಾಲ ನಿಂದ್ರಸಿದ್ರಾತು. ಆದ್ರ ಗಂಡಸರು ಹೋದ್ರ ಸಾಹೇಬ್ರು ಬೀಡಿ ಕೊಟ್ಟು ಮಾತಿಗೆ ಎಳೀತಾರ."

"ಮತ್ತ ಯಾರ್ನ ಕಳಸೂದು?" ಎಂದ ಅಪ್ಪ.

"ನಿನ್ನ ಮಗಳ್ನ. ಯಮನೂರಿ ಬಾಯಿಗೆ ಬೀಗ ಹಾಕಿ ಕೀಲಿ ಹೊಳ್ಯಾಗ ಒಗದಾಳ."

ನಾನು ಬಾಗಿಲ ಹಿಂದೆ ಚಹಾದ ತಾಟು ಹಿಡಿದು ನಿಂತಿದ್ದೆ. ಎಲ್ಲರೂ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ. ಹರಗೋಲು ನಡೆಸುವುದರಲ್ಲಿ ನಾನು ಅವರಲ್ಲಿ ಯಾರಿಗೂ ಕಡಿಮೆ ಇಲ್ಲ ಎಂದು ಅಪ್ಪ ಅಂದ. ಅಷ್ಟು ಜನರ ಮುಂದೆ ಅಪ್ಪ ನನ್ನನ್ನು ಹೊಗಳಿದ್ದು ಇದೇ ಮೊದಲು. ಚಹಾ ಕೊಟ್ಟು ಒಳಗೆ ಬಂದು ಈ ವಹಿ ತೆಗೆದೆ.

ನವೆಂಬರ್ 21, ಶುಕ್ರವಾರ

ಸಾಣಾಪುರದಲ್ಲಿ ಶೈಲಜಕ್ಕನ ಗೆಸ್ಟ್ ಹೌಸಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಬದಲಿಸುವುದು ನನ್ನ ಕೆಲಸ. ಮೂರನೆಯ ಕೋಣೆಯಲ್ಲಿ ಚೀನಾದವಳೊಬ್ಬಳಿದ್ದಾಳೆ, ಫಾಂಗ್ ಎಂದು ಹೆಸರು. ಬಂಡೆ ಹತ್ತಲು ಬಂದವಳು ಎರಡನೆಯ ದಿನವೇ ಕಾಲು ಉಳುಕಿಸಿಕೊಂಡು, ಈಗ ಜೋಕಾಲಿಯ ಮೇಲೆ ಕಾಲು ಚಾಚಿ ಕೂತಿರುತ್ತಾಳೆ. ಅವಳು ತನ್ನ ಭಾಷೆಯಲ್ಲಿ ಮಾತಾಡುತ್ತಾಳೆ, ಅವಳ ಫೋನು ಕನ್ನಡದಲ್ಲಿ ಹೇಳುತ್ತದೆ. ಆ ಫೋನಿನದು ಪುಸ್ತಕದ ಕನ್ನಡ.

"ನೀವು ಯಾವ ಕಾರಣಕ್ಕಾಗಿ ಸದಾ ಮೌನವಾಗಿರುವಿರಿ?" ಎಂದು ಫೋನು ಕೇಳಿತು.

ನನಗೆ ನಗು ಬಂತು. ಫೋನಿನ ಜೊತೆ ಮಾತಾಡುವುದು ಸುಲಭ. ಅದಕ್ಕೆ ಮುಖವಿಲ್ಲ. ನನ್ನೂರು ಹೊಳೆಯ ದಂಡೆಗಿದೆ, ನಾವು ಹರಗೋಲು ಹಾಕುವವರು ಎಂದೆ. ಅವಳು ಎದ್ದು ಕೂತಳು.

"ನನ್ನ ನಗರ ಕೂಡ ಒಂದು ಮಹಾನದಿಯ ದಡದಲ್ಲಿ ವಾಸಿಸುತ್ತದೆ. ಅದರ ಹೆಸರು ಆಂಚಿಂಗ್. ಒಂದು ಕಾಲದಲ್ಲಿ ಅದು ಇಡೀ ಪ್ರಾಂತ್ಯದ ರಾಜಧಾನಿಯಾಗಿತ್ತು."

ಆ ಊರು ದೋಣಿಯ ಆಕಾರದಲ್ಲಿದೆಯಂತೆ. ಹೊಳೆಯ ದಂಡೆಗೆ ಏಳು ಅಂತಸ್ತಿನ ಗೋಪುರವೊಂದಿದೆ. ಅದು ದೋಣಿಯ ಕಂಬ ಎಂದು ಹಿರಿಯರ ಮಾತು. ಊರು ಹೊಳೆಯಲ್ಲಿ ತೇಲಿಹೋಗಬಾರದೆಂದು ಗುಡಿಯ ಬಾಗಿಲಲ್ಲಿ ಎರಡು ದೊಡ್ಡ ಕಬ್ಬಿಣದ ಲಂಗರು ಇಟ್ಟಿದ್ದಾರೆ. ಫೋಟೋ ತೋರಿಸಿದಳು. ಅವು ಆಳೆತ್ತರ ಇವೆ.

"ಲಂಗರು ಅತ್ಯಂತ ಉತ್ತಮವಾಗಿ ಕೆಲಸ ಮಾಡಿತು," ಎಂದಿತು ಫೋನು. "ಬೇರೆ ಎಲ್ಲ ನಗರಗಳೂ ಮುಂದೆ ಹೋದವು. ನಮ್ಮದು ಕದಲಲಿಲ್ಲ."

ಅವಳು ನಕ್ಕಳು. ಕಣ್ಣು ನಗುತ್ತಿರಲಿಲ್ಲ.

ನವೆಂಬರ್ 25, ಮಂಗಳವಾರ

ಇಲಾಖೆಯಿಂದ ಬಂದದ್ದು ಸಾಹೇಬರಲ್ಲ, ಒಬ್ಬ ಹೆಣ್ಣುಮಗಳು. ಗಂಗಾವತಿಯ ಕಚೇರಿಯವಳು, ಉಜ್ಮಾ ಎಂದು ಹೆಸರು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಜೊತೆಗೆ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ನೋಡುವವನೊಬ್ಬ.

"ನೀನ ನಡಸ್ತಿಯೇನವ್ವಾ? ಭೇಷ್!" ಎಂದು ಹರಗೋಲು ಹತ್ತಿದಳು.

ಹರಗೋಲು ದುಂಡಗಿರುತ್ತದೆ, ಅದಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಹುಟ್ಟನ್ನು ಮಣಿಕಟ್ಟಿನಲ್ಲಿ ಸ್ವಲ್ಪ ಹೊರಳಿಸಿದರೆ ಸಾಕು, ತಿರುಗುತ್ತದೆ. ತಿರುಗುವಾಗ ಕೂತವರಿಗೆ ದಿಕ್ಕು ತಿಳಿಯುವುದಿಲ್ಲ. ನಾನು ಸೆಳವಿನ ವಿರುದ್ಧ ಜಗ್ಗುತ್ತಿರುವ ಹಾಗೆ ಕಾಣಿಸುತ್ತಾ, ತಿರುತಿರುಗಿ ಹತ್ತು ಮಾರು ಕೆಳಕ್ಕೆ ಜಾರಿಸಿದೆ. ಉಜ್ಮಾ ಮೇಡಂ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡಳು.

"ಅಯ್ಯ, ತಲಿ ತಿರಗಾಕತ್ತೈತಿ. ನಿಂದ್ರಸವ್ವಾ."

ನಿಲ್ಲಿಸಿದೆ. ಹಗ್ಗ ಬಿಟ್ಟರು. ಮಡುವಿನ ಮೇಲೆ. ಐದು ಕಡೆ ಬಿಟ್ಟರು, ಐದೂ ಕಡೆ ಹಗ್ಗ ಹೋಗುತ್ತಲೇ ಇತ್ತು.

"ಎಲ್ಲಾ ಕಡೆ ಇಷ್ಟ ಆಳ ಐತೇನು? ಗಟ್ಟಿ ನೆಲ ಎಲ್ಲೂ ಇಲ್ಲ?" ಎಂದು ನನ್ನ ಮುಖ ನೋಡಿ ಕೇಳಿದಳು.

"ಗಂಗವ್ವಗ ಗೊತ್ತ್ರಿ," ಎಂದೆ.

ಅವಳು ಬರೆದುಕೊಂಡಳು. ದಂಡೆಗೆ ಬಂದಾಗ ವಿರುಪಾಕ್ಷಿ ಕಾಕಾ ನನ್ನ ತಲೆ ಸವರಿದ. ಅಪ್ಪ ಹರಗೋಲು ಎತ್ತಿ ಬೋರಲು ಹಾಕಿದ.

ನವೆಂಬರ್ 26, ಬುಧವಾರ

ಮಣಿಕಟ್ಟು ನೋಯುತ್ತಿದೆ. ಅಷ್ಟು ಹೊತ್ತು ಹುಟ್ಟು ಹಾಕಿರಲೂ ಇಲ್ಲ.

ನವೆಂಬರ್ 29, ಶನಿವಾರ

ಫಾಂಗಳ ಕೋಣೆ ಗುಡಿಸುವಾಗ ನಾನೇ ಕೇಳಿದೆ, "ನಿಮ್ಮೂರು ಯಾಕ ಹಂಗಾತ್ರಿ?" ಫೋನಿಗೆ ತಿಳಿಯಲಿ ಎಂದು ಪುಸ್ತಕದ ಕನ್ನಡದಲ್ಲಿ ಇನ್ನೊಮ್ಮೆ ಕೇಳಿದೆ. ಅವಳು ಬಹಳ ಹೊತ್ತು ಮಾತಾಡಿದಳು. ನೆನಪಿದ್ದಷ್ಟು ಬರೆಯುತ್ತೇನೆ.

ಅವಳ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ವಿದೇಶಿಯರು ವ್ಯಾಪಾರಕ್ಕೆ ಕೆಳಗಿನ ವೂಹು ಎಂಬ ಊರನ್ನು ಹಿಡಿದರು, ಅಕ್ಕಿಯ ದೋಣಿಗಳೆಲ್ಲ ಅಲ್ಲಿಗೆ ಹೋದವು ಎಂದು ಅವಳ ಚಿಕ್ಕಪ್ಪ. ಯುದ್ಧ ಬಂತು, ರಾಜಧಾನಿ ಹೋಯಿತು, ಆಮೇಲೆ ಹೆಫೇ ಎಂಬ ಒಳನಾಡಿನ ಸಣ್ಣ ಊರಿಗೆ ಆ ಪಟ್ಟ ಸಿಕ್ಕಿತು, ಪಟ್ಟದ ಹಿಂದೆಯೇ ಕಾಲೇಜು, ಕಾರ್ಖಾನೆ ಎಲ್ಲವೂ ನಡೆದವು ಎಂದು ಅವಳ ತಾಯಿ. ಜನ ಹೊಳೆಯನ್ನೇ ನಂಬಿ ಕೂತರು, ಲೋಕ ರೈಲು ಹತ್ತಿ ಹೋಯಿತು, ರೈಲು ನಮ್ಮಲ್ಲಿಗೆ ಬರುವಷ್ಟರಲ್ಲಿ ಕಾಲ ಮೀರಿತ್ತು ಎಂದು ಅವಳ ತಂದೆ. ಅವರು ಶಾಲೆಯ ಮಾಸ್ತರರು. ಊರಿಗೆ ಸೇತುವೆ ಬಂದದ್ದು ಅವಳು ಹುಟ್ಟಿದ ಮೇಲೆಯೇ.

"ಅಜ್ಜ ಮಾತ್ರ ಬೇರೆ ಕಥೆ ಹೇಳುತ್ತಾರೆ," ಎಂದಿತು ಫೋನು. "ಹಿರಿಯರೇ ರೈಲು ಬೇಡ ಎಂದರು. ಅದರ ಸದ್ದಿಗೆ ಸಮಾಧಿಯಲ್ಲಿರುವವರು ಎಚ್ಚರಗೊಳ್ಳುತ್ತಾರೆ ಎಂದರು."

"ಹೌದೇನ್ರಿ?"

"ತಂದೆಯವರು ಅದು ಸುಳ್ಳು ಎನ್ನುತ್ತಾರೆ. ಹಿರಿಯರನ್ನು ಯಾರೂ ಕೇಳಲೇ ಇಲ್ಲ. ಎಲ್ಲೋ ದೂರದ ಕೋಣೆಯಲ್ಲಿ ನಕಾಶೆಯ ಮೇಲೆ ಗೆರೆ ಎಳೆದರು. ಆದರೆ ಯಾರೂ ಕೇಳಲಿಲ್ಲ ಎನ್ನುವುದಕ್ಕಿಂತ ನಾವೇ ಬೇಡ ಎಂದೆವು ಎನ್ನುವುದು ಅಜ್ಜನಿಗೆ ಹಿತವಾಗಿದೆ."

ಆಮೇಲೆ ಫಾಂಗ್ ನನ್ನ ಊರಿನ ಬಗ್ಗೆ ಕೇಳಿದಳು. ನಾನು ಅಜ್ಜಿ ಮಾರೆವ್ವನಿಂದ ಕೇಳಿದ್ದನ್ನು ಹೇಳಿದೆ. ನಿಜಾಮರ ಕಾಲದಲ್ಲಿ ಈಚೆ ದಂಡೆ ನಿಜಾಮರದು, ಆಚೆ ದಂಡೆ ಇಂಗ್ಲಿಷರದು. ಕಡವಿನಾಳದಲ್ಲಿ ಸುಂಕದ ಕಟ್ಟೆ ಇತ್ತು. ಬಳ್ಳಾರಿಯ ಅರಿವೆ ಇತ್ತ ಬರುತ್ತಿತ್ತು, ನಮ್ಮ ಎಳ್ಳು ತುಪ್ಪ ಅತ್ತ ಹೋಗುತ್ತಿತ್ತು. ಸಂತೆಯ ದಿನ ಮೂವತ್ತು ಹರಗೋಲು ಆಡುತ್ತಿದ್ದವಂತೆ. ನಿಜಾಮರು ಹೋದರು, ಎರಡೂ ದಂಡೆ ಒಂದಾದವು, ಸುಂಕದ ಕಟ್ಟೆಯಲ್ಲಿ ಮೇಕೆ ಕಟ್ಟಿದರು. ಕಾಲುವೆ ಗಂಗಾವತಿಯ ಕಡೆ ಹರಿಯಿತು, ಅಕ್ಕಿ ಗಿರಣಿಗಳು ಅಲ್ಲಿ ಎದ್ದವು, ನಮ್ಮ ಸೇಠರು ಅಲ್ಲಿಗೆ ಹೋದರು.

ಅಷ್ಟು ಮಾತು ಒಟ್ಟಿಗೆ ನಾನು ಆಡಿದ್ದು ಯಾವಾಗ ಎಂದು ನೆನಪಿಲ್ಲ. ಸೇತುವೆಯ ಸುದ್ದಿಯನ್ನೂ ಹೇಳಿದೆ. ಬಂಡೆಯ ವಿಷಯ ಹೇಳಲಿಲ್ಲ.

"ಹಾಗಾದರೆ ನಿಮ್ಮನ್ನು ಕೇಳುತ್ತಿದ್ದಾರೆ," ಎಂದಿತು ಫೋನು.

ಕಸಬರಿಗೆ ಕೈಯಲ್ಲಿ ಹಿಡಿದು ನಿಂತೇ ಇದ್ದೆ. ಶೈಲಜಕ್ಕ ಕೆಳಗಿನಿಂದ ಕೂಗಿದಳು, "ಯಮನೂರಿ, ಚೀನಾ ಮುಟ್ಟಿದಿಯೇನು? ನಾಕನೇ ಕ್ವಾಣಿ ಹಂಗ ಐತಿ!"

ಡಿಸೆಂಬರ್ 2, ಮಂಗಳವಾರ

ಅಪ್ಪ ದಂಡೆಯಲ್ಲಿ ಹರಗೋಲಿನ ತಳಕ್ಕೆ ಡಾಂಬರು ಬಳಿಯುತ್ತಿದ್ದ. ನಾನು ಡಬ್ಬಿ ಹಿಡಿದು ಕೂತಿದ್ದೆ.

"ಅಪ್ಪಾ, ನಮ್ಮೂರು ಯಾಕ ಸೊರಗಿತು?"

ಅಪ್ಪ ಕುಂಚ ನಿಲ್ಲಿಸಿ ನೋಡಿದ. "ಸೊರಗಿಲ್ಲ. ನಿಂತೈತಿ. ಹೋಗೋರೆಲ್ಲಾ ಹೋದ್ರು, ಹೊಳಿ ಹೋಗಲಿಲ್ಲ, ನಾವೂ ಹೋಗಲಿಲ್ಲ."

"ಸೇತುವೆ ಬಂದ್ರ?"

"ಬಂದ್ರ ಮಂದಿ ನಿಂದ್ರಂಗಿಲ್ಲವ್ವಾ. ಈಗ ಹರಗೋಲು ಬರೂ ತನಕ ಒಂದ್ ಕಪ್ ಚಾ ಕುಡೀತಾರ, ನಿಮ್ಮೂರಾಗ ಮಳಿ ಹೆಂಗ ಅಂತ ಕೇಳ್ತಾರ. ಸೇತುವೆ ಆತಂದ್ರ ಧೂಳು ಎಬ್ಬಿಸಿ ಹೊಕ್ಕಾರ, ಊರಿನ ಹೆಸರ ಸೈತ ಓದಂಗಿಲ್ಲ. ಬಸರಿಗಟ್ಟಿಯವ್ರು ಉಣ್ಲಿ ಆ ಧೂಳು."

ಅದು ಸುಳ್ಳಲ್ಲ. ಅಪ್ಪನ ಮಾತು ಯಾವಾಗಲೂ ಪೂರ್ತಿ ಸುಳ್ಳಾಗಿರುವುದಿಲ್ಲ, ಅದೇ ಕಷ್ಟ. ಡಬ್ಬಿ ಕೆಳಗಿಟ್ಟು ನಾನು ಅಂದೆ, "ನನ್ನ ಆರನೇತ್ತ ಸಾಲಿ ಆಚೀ ದಂಡ್ಯಾಗ ಇತ್ತು."

"ದಿನಾ ನಾನ ದಾಟಿಸ್ತಿದ್ದೆ."

"ಹೊಳಿ ತುಂಬಿ ಬಂದಾಗ ಮೂರು ತಿಂಗಳು?"

ಅಪ್ಪ ಬಳಿದ ಜಾಗಕ್ಕೇ ಮತ್ತೆ ಬಳಿದ. ಇನ್ನೂ ಇಬ್ಬರು ಹುಡುಗಿಯರು ನನ್ನ ಜೊತೆ ಶಾಲೆ ಬಿಟ್ಟಿದ್ದರು. ಬಸರಿಗಟ್ಟಿಯಲ್ಲಿ ಸೇತುವೆಯಾದರೆ ನಮ್ಮೂರ ಮಕ್ಕಳು ಶಾಲೆಗೆ ಹೋಗಲಿಕ್ಕೆ ಆರು ಮೈಲು, ಬರಲಿಕ್ಕೆ ಆರು ಮೈಲು ನಡೆಯಬೇಕು. ಮತ್ತೆ ಹರಗೋಲನ್ನೇ ಹತ್ತುತ್ತಾರೆ, ಮತ್ತೆ ಹೊಳೆ ಬಂದಾಗ ಬಿಡುತ್ತಾರೆ.

ಡಿಸೆಂಬರ್ 6, ಶನಿವಾರ

ಫಾಂಗ್ ಹೋದಳು. ಸೇತುವೆ ಬಂದ ಮೇಲೆ ನಿಮ್ಮೂರು ಸುಧಾರಿಸಿತೇ ಎಂದು ಹೋಗುವ ಮುನ್ನ ಕೇಳಿದೆ.

"ನನಗೆ ನಿಶ್ಚಿತವಾಗಿ ತಿಳಿದಿಲ್ಲ," ಎಂದಿತು ಫೋನು. "ಯುವಜನರು ಹೆಚ್ಚು ವೇಗವಾಗಿ ಹೊರಟುಹೋದರು. ನಾನೂ ಹೋದೆ. ಆದರೆ ಹಬ್ಬಕ್ಕೆ ಬರುವಾಗ ಅದೇ ಸೇತುವೆಯ ಮೇಲೆ ಬರುತ್ತೇನೆ."

ಇಷ್ಟಕ್ಕೆ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ.

ಉಜ್ಮಾ ಮೇಡಂ ಮಂಗಳವಾರ ಮತ್ತೆ ಬರುತ್ತಾಳಂತೆ. ಅಳತೆ ಒಂದಕ್ಕೊಂದು ಹೊಂದುತ್ತಿಲ್ಲವಂತೆ. ಬುಧವಾರ ವರದಿ ಹೋಗುತ್ತದೆ. ಅದು ಹೋದರೆ ಮುಗಿಯಿತು.

ಡಿಸೆಂಬರ್ 8, ಸೋಮವಾರ

ಹಾಸುಬಂಡೆಯ ಮೇಲೆ ನಾನು ನಿಂತದ್ದು ಹತ್ತು ವರ್ಷದವಳಿದ್ದಾಗ, ಬೇಸಿಗೆಯಲ್ಲಿ. ಅಜ್ಜಿ ಕೈ ಹಿಡಿದುಕೊಂಡಿದ್ದಳು. ಈಗ ನೀರು ಹೆಚ್ಚಿದೆ. ಅದರ ಮೇಲೆ ಪಾಚಿ ಎಷ್ಟು ಬೆಳೆದಿದೆಯೋ.

ಆಳ ಹೇಳಬಾರದು. ಹೇಳಿದರೆ ಅಪ್ಪನ ಪಾಳಿ ಹೋಗುತ್ತದೆ. ಅಪ್ಪನಿಗೆ ಬೇರೆ ಕೆಲಸ ಬಾರದು. ಹೇಳದಿದ್ದರೆ ಸೇತುವೆ ಹೋಗುತ್ತದೆ.

ಇದನ್ನೇ ನಾಲ್ಕು ಸಲ ಬರೆದು ಹೊಡೆದು ಹಾಕಿದ್ದೇನೆ.

ಡಿಸೆಂಬರ್ 9, ಮಂಗಳವಾರ

ಇವತ್ತಿನದನ್ನು ಇವತ್ತೇ ಬರೆದು ಮುಗಿಸಬೇಕು.

ದಂಡೆಯ ಮೇಲೆ ಏಳೂ ಮನೆಯ ಗಂಡಸರು ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. ನಾನು ಹುಟ್ಟು ತೆಗೆದುಕೊಂಡಾಗ ಅಪ್ಪ, "ಹ್ವಾದ ಸಲದಂಗ," ಎಂದ, ಅಷ್ಟೇ.

ನಡುಹೊಳೆಗೆ ಹೋದೆವು. ಮಣಿಕಟ್ಟು ತಾನಾಗಿಯೇ ಹೊರಳಲು ಶುರು ಮಾಡಿತು. ಹರಗೋಲು ತಿರುಗಿತು. ಉಜ್ಮಾ ಮೇಡಂ ಈ ಸಲ ಕಣ್ಣು ಮುಚ್ಚಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದಳು.

"ತಂಗಿ, ನಾನೂ ಹೊಳಿ ದಂಡಿ ಊರಾಕೀನ," ಎಂದಳು ಮೆಲ್ಲಗೆ. "ನಾಳಿ ನಾನು ಬರದು ಕಳಿಸಿದ್ದು ತಿದ್ದಾಕ ಬರಂಗಿಲ್ಲ. ಇಲ್ಲಿ ಗಟ್ಟಿ ನೆಲ ಐತೋ ಇಲ್ಲೋ?"

ಬಾಯಿ ತೆರೆದೆ. "ಗಂಗವ್ವಗ" ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದರಾಚೆ ಬರಲಿಲ್ಲ. ಬೇರೆ ಮಾತೂ ಬರಲಿಲ್ಲ. ಹುಟ್ಟನ್ನು ಒತ್ತಿ ಹರಗೋಲನ್ನು ಮೇಲಕ್ಕೆ ತಂದೆ, ಹತ್ತು ಮಾರು, ಹನ್ನೊಂದು. ಹುಟ್ಟನ್ನು ಹಗ್ಗದವನ ಕೈಗೆ ಕೊಟ್ಟು, "ಹಿಂಗ ಗಟ್ಟಿ ಹಿಡಿ," ಎಂದು, ಸೀರೆಯ ನೆರಿಗೆ ಸಿಕ್ಕಿಸಿ, ಅಂಚಿನಿಂದ ಇಳಿದುಬಿಟ್ಟೆ.

ಕಾಲಿಗೆ ಏನೂ ಸಿಗಲಿಲ್ಲ. ಎದೆ ಮುಳುಗಿತು, ಗದ್ದ ಮುಳುಗಿತು. ಮೇಡಂ ಚೀರಿದಳು. ಬಂಡೆ ಸರಿಯಿತೇ, ನಾನು ಮರೆತೆನೇ ಎಂದುಕೊಳ್ಳುವಷ್ಟರಲ್ಲಿ ಎಡಗಾಲಿನ ಹೆಬ್ಬೆರಳಿಗೆ ಅಂಚು ತಾಗಿತು. ಸೆಳವು ಸೊಂಟ ಹಿಡಿದು ಎಳೆಯುತ್ತಿತ್ತು. ಎರಡು ಹೆಜ್ಜೆ ಎದುರು ಜಗ್ಗಿ, ಪಾಚಿಯಲ್ಲಿ ಜಾರಿ, ಮೊಣಕಾಲೂರಿ, ಎದ್ದೆ.

ನಿಂತೆ. ನಡುಹೊಳೆಯಲ್ಲಿ, ಸೊಂಟದ ಮಟ್ಟ ನೀರಿನಲ್ಲಿ. ಎರಡೂ ಕೈ ಬಿಟ್ಟು ನಿಂತೆ.

ಹಗ್ಗದವನು ಬಾಯಿ ತೆರೆದು ನೋಡುತ್ತಿದ್ದ. ಉಜ್ಮಾ ಮೇಡಂ ಹಗ್ಗದ ಗುಂಡನ್ನು ತಾನೇ ನನ್ನ ಪಕ್ಕಕ್ಕೆ ಇಳಿಸಿದಳು. ಟಣ್ ಎಂದು ನನ್ನ ಪಾದಕ್ಕೆ ಕೇಳಿಸಿತು.

ದಂಡೆಯ ಕಡೆ ನೋಡಿದೆ. ಅಪ್ಪ ಎದ್ದು ನಿಂತಿದ್ದ. ಮೊಣಕಾಲ ಮಟ್ಟ ನೀರಿಗೆ ಇಳಿದಿದ್ದ. ನಾನು ಮುಳುಗಿದೆ ಎಂದು ಓಡಿ ಬಂದಿರಬೇಕು. ನಾನು ನಿಂತದ್ದು ನೋಡಿ ಹಿಂದಿರುಗಿ ಮನೆಗೆ ಹೋದ.

ಡಿಸೆಂಬರ್ 10, ಬುಧವಾರ

ಅಪ್ಪ ಮಾತಾಡುತ್ತಿಲ್ಲ.

ಡಿಸೆಂಬರ್ 12, ಶುಕ್ರವಾರ

ಮತ್ತೆ ನಮ್ಮ ಕಟ್ಟೆಯ ಮೇಲೆಯೇ ಕೂಡಿದರು.

"ಹೇಳ್ಯಾಳ! ಆಳ ಹೇಳ್ಯಾಳ!" ಎಂದ ವಿರುಪಾಕ್ಷಿ ಕಾಕಾ.

ಅಜ್ಜಿ ಒಳಗಿನಿಂದ ಕೋಲು ಊರಿಕೊಂಡು ಬಂದಳು. "ಎಲ್ಲಿ ಹೇಳ್ಯಾಳೋ? ಬಾಯಿ ತಗದಾಳೇನು? ನಿಂತಾಳ. ನೀರಾಗ ನಿಂದ್ರಬಾರದಂತ ಯಾವ ಕಟ್ಟಿನ್ಯಾಗ ಐತಿ, ಹೇಳು ನೋಡೂಣು. ನೀನೂ ಸಣ್ಣಾಂವಿದ್ದಾಗ ನಿಂತಿದ್ದಿ, ಅರಿವಿ ಇಲ್ಲದ!"

ಒಬ್ಬಿಬ್ಬರು ಕೆಮ್ಮುವ ನೆಪದಲ್ಲಿ ನಕ್ಕರು. ಆದರೂ ತೀರ್ಮಾನ ಬದಲಾಗಲಿಲ್ಲ. ಯುಗಾದಿಯವರೆಗೆ ನಮ್ಮ ಮನೆಗೆ ಪಾಳಿ ಇಲ್ಲ. ಅಪ್ಪ ಇಡೀ ಹೊತ್ತು ತನ್ನ ಅಂಗೈ ನೋಡಿಕೊಂಡು ಕೂತಿದ್ದ.

ನಾನು ಬಾಗಿಲ ಹಿಂದೆ ನಿಂತಿರಲಿಲ್ಲ. ಕಟ್ಟೆಯ ಕೆಳಗೆ, ಅವರ ಎದುರಿಗೇ ನಿಂತಿದ್ದೆ. ಬಿಸಿಲಿತ್ತು, ಅದಕ್ಕೆ ಕಣ್ಣಲ್ಲಿ ನೀರು ಬಂತು.

ಡಿಸೆಂಬರ್ 19, ಶುಕ್ರವಾರ

ಉಜ್ಮಾ ಮೇಡಂ ಅಜ್ಜಿಗೆ ಫೋನು ಮಾಡಿ ತಿಳಿಸಿದಳು. ವರದಿಯಲ್ಲಿ ಕಡವಿನಾಳ ಎಂದೇ ಬರೆದಿದ್ದಾಳೆ. ಬಂಡೆ ಕೊರೆದು ನೋಡುವ ಯಂತ್ರ ಬರುತ್ತದೆ. ಅದು ಒಪ್ಪಿದರೆ ಇಲ್ಲೇ. ಒಪ್ಪದಿದ್ದರೆ ಬಸರಿಗಟ್ಟಿ.

ಅಪ್ಪ ದಿನವೂ ದಂಡೆಗೆ ಹೋಗಿ, ಬೇರೆಯವರ ಪಾಳಿಯನ್ನು ನೋಡುತ್ತಾ ಕೂತು ಬರುತ್ತಾನೆ. ರಾತ್ರಿ ಅಜ್ಜಿಯೇ ಅವನಿಗೆ ಬಡಿಸುತ್ತಾಳೆ. ನಾನು ಬಡಿಸಿದರೆ ಉಣ್ಣದೆ ಏಳುತ್ತಾನೋ ಎಂದು ಹೆದರಿಕೆ.

ನಾನು ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಮುಂದೆ ಊರು ಬೆಳೆದರೆ ಎಲ್ಲರೂ ನಾವೇ ತಂದೆವು ಎನ್ನುತ್ತಾರೆ, ಹಾಳಾದರೆ ಯಮನೂರಿ ಎನ್ನುತ್ತಾರೆ. ಅನ್ನಲಿ.

ಡಿಸೆಂಬರ್ 22, ಸೋಮವಾರ

ನಿನ್ನೆ ಸಂಜೆ ಯಂತ್ರ ಬಂತು. ಡ್ರಮ್ಮು ಕಟ್ಟಿದ ತೆಪ್ಪದ ಮೇಲೆ ಅದನ್ನು ಇಟ್ಟಿದ್ದಾರೆ. ಸೆಳವಿನಲ್ಲಿ ತೆಪ್ಪವನ್ನು ಬಂಡೆಯ ಮೇಲೆ ನಿಲ್ಲಿಸಲು ಹೊಳೆ ಬಲ್ಲವರು ಬೇಕು. ಉಳಿದ ಆರು ಮನೆಯವರು ಒಲ್ಲೆವು ಎಂದರು. ಯಂತ್ರದವರು ನಮ್ಮ ಮನೆಗೆ ಬಂದು ಕೇಳಿದಾಗ ಅಪ್ಪ ಎದ್ದು ಹಿತ್ತಲಿಗೆ ಹೋದ.

ಇವತ್ತು ಬೆಳಿಗ್ಗೆ ನಾನು ಎದ್ದು ಒಲೆ ಹೊತ್ತಿಸುವಷ್ಟರಲ್ಲಿ ಅಪ್ಪನ ಹಾಸಿಗೆ ಖಾಲಿಯಾಗಿತ್ತು. ರೊಟ್ಟಿ ಬಡಿಯುವವರೆಗೂ ಬರಲಿಲ್ಲ. ದಂಡೆಗೆ ಹೋಗಿ ನೋಡಿದೆ. ತೆಪ್ಪ ನಡುಹೊಳೆಯಲ್ಲಿತ್ತು. ಅಪ್ಪ ಅದರ ಮೂಲೆಯಲ್ಲಿ ನಿಂತು ಗಳ ಊರಿ ಹಿಡಿದಿದ್ದ, ಬೆನ್ನು ನಮ್ಮ ಕಡೆ. ದಂಡೆಯಲ್ಲಿ ವಿರುಪಾಕ್ಷಿ ಕಾಕಾ ಮತ್ತು ಉಳಿದವರು ಸಾಲಾಗಿ ಕೂತು ನೋಡುತ್ತಿದ್ದರು.

ಮನೆಗೆ ಓಡಿ ಬಂದು ಎರಡು ರೊಟ್ಟಿಗೆ ಪುಂಡಿಪಲ್ಯೆ, ಶೇಂಗಾ ಚಟ್ನಿ ಹಚ್ಚಿ ಬಟ್ಟೆಯಲ್ಲಿ ಕಟ್ಟಿದೆ. ಮತ್ತೆ ದಂಡೆಗೆ ಹೋಗಿ ನೀರಿನಂಚಿಗೆ ನಿಂತು ಕೂಗಿದೆ, "ಅಪ್ಪಾ! ರೊಟ್ಟಿ ತಂದೀನಿ, ಉಂಡು ಗಳ ಹಿಡಿ!"

ಕೂತವರೆಲ್ಲ ನನ್ನತ್ತ ತಿರುಗಿದರು. ಅಪ್ಪನೂ ತಿರುಗಿದ.